ಪರದೇಶದ ಹತ್ತು ದಿನಗಳು

ನಮ್ಮ ಹಾಸನ ಸೀಮೆಯ ಹಳ್ಳಿಗಳಲ್ಲಿ ‘ಪರದೇಶಿ’ ಎಂಬ ಮಾತಿಗೆ ಮೂಲಾರ್ಥ ಒಂದು, ಬಳಕೆಯ ಅರ್ಥ ಇನ್ನೊಂದು. ಮೂಲದಲ್ಲಿ ಪರದೇಶಿ ಎಂದರೆ ಬೇರೆ ದೇಶದವನು. ಹಳ್ಳಿಯವರ ಬಾಯಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು, ತಂದೆತಾಯಿ ಬಂಧುಬಳಗ ಯಾರೂ ಇಲ್ಲದವನು. “ಪಾಪ, ಪರದೇಶಿ ಮಗು” ಎಂದು ಮರುಗುವುದನ್ನು ನೀವೆಲ್ಲ ಕೇಳಿದ್ದೀರಿ. ಊರು ಬಿಟ್ಟು ದೂರ ಹೋಗುವುದೆಂದರೆ ಅನಾಥನಾಗುವುದೆಂದೇ ನಮ್ಮ ಹಿರಿಯರು ತಿಳಿದಿದ್ದರೆಂಬುದಕ್ಕೆ ಈ ಒಂದು ಶಬ್ದವೇ ಸಾಕ್ಷಿ.

ಈಗ ಕಾಲ ಬದಲಾಗಿದೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಹಾಸನ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ನಾನು ಕನ್ನಡ ಪಾಠ ಹೇಳಿದ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಸಮುದ್ರದಾಚೆ ಇದ್ದಾರೆ. ಹೋದ ಹೊಸತರಲ್ಲಿ ಅವರು ನನಗೆ ಬರೆದ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಹೆಚ್ಚಿನ ಪತ್ರಗಳಲ್ಲಿ ಚಳಿಯ ವರ್ಣನೆ, ರಸ್ತೆಗಳ ವರ್ಣನೆ, ಸಾಲಾಗಿ ನಿಲ್ಲುವ ಜನರ ವರ್ಣನೆ. ಅವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಅವುಗಳ ನಡುವೆ ನೂರು ಹಾಳೆಯ ಒಂದು ನೋಟ್‌ಬುಕ್ ಇದೆ. ಅದರಲ್ಲಿ ಬರೆದಿರುವುದು ಹತ್ತೇ ದಿನಗಳ ವಿಷಯ. ಬರೆದವಳು ನನ್ನ ಒಬ್ಬ ವಿದ್ಯಾರ್ಥಿನಿ. ಆಕೆಯ ಒಪ್ಪಿಗೆ ಪಡೆದು ಅದರ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ. ಆಕೆಯ ಹೆಸರನ್ನೂ ಊರನ್ನೂ ಬರೆಯುವುದಿಲ್ಲ. ನಿಮ್ಮಲ್ಲಿ ಕೆಲವರಿಗೆ ಆಕೆ ಯಾರೆಂದು ತಿಳಿದೀತು. ತಿಳಿದವರೂ ಹೆಸರೆತ್ತಬಾರದೆಂದು ಕೇಳಿಕೊಳ್ಳುತ್ತೇನೆ.

ಆಕೆಯ ವಿಷಯಕ್ಕೆ ಮುನ್ನ, ಇದೇ ಹಾಸನದಲ್ಲಿ ಹುಟ್ಟಿ ವಿದ್ಯಾರ್ಥಿಯಾಗಿ ಪರದೇಶಕ್ಕೆ ಹೋದ ಹಿಂದಿನವರೊಬ್ಬರನ್ನು ನೆನೆಯಬೇಕು. ಅವರು ರಾಜಾರಾವ್. ಹುಟ್ಟಿದ್ದು 1908ರ ನವೆಂಬರ್ 8ರಂದು, ಹಾಸನದಲ್ಲಿ. ತಂದೆ ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ತಾಯಿ ಎಳವೆಯಲ್ಲಿಯೇ ತೀರಿಕೊಂಡಿದ್ದರಿಂದ ಬಾಲ್ಯದ ಕೆಲವು ವರ್ಷಗಳು ತಾತನ ಆಶ್ರಯದಲ್ಲಿ ಕಳೆದವು. 1929ರಲ್ಲಿ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ದೊರೆತು, ಅವರು ಫ್ರಾನ್ಸ್ ದೇಶದ ಮಾಂಪೆಲಿಯೆ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. ಮುಂದೆ ಇಂಗ್ಲಿಷಿನಲ್ಲಿ ಬರೆದು ಜಗತ್ಪ್ರಸಿದ್ಧರಾದರೆಂಬುದು ಎಲ್ಲರಿಗೂ ಗೊತ್ತು. ಆದರೆ ಯೂರೋಪಿಗೆ ಹೋದ ಹೊಸತರಲ್ಲಿ, 1931ರಿಂದ 1933ರವರೆಗೆ, ಅವರು ಕನ್ನಡದಲ್ಲಿಯೂ ಬರೆದರೆಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಯೂರೋಪಿನ ಯಾತ್ರೆ, ಯೂರೋಪು ಮತ್ತು ನಾವು ಎಂಬಂಥ ವಿಷಯಗಳ ಮೇಲೆ ಅವರ ಲೇಖನಗಳು ಧಾರವಾಡದ ‘ಜಯ ಕರ್ನಾಟಕ’ ಪತ್ರಿಕೆಯಲ್ಲಿ ಪ್ರಕಟವಾದವು. ಪರದೇಶವನ್ನು ಮೊದಲ ಸಲ ಕಂಡವನಿಗೆ ಅದನ್ನು ತನ್ನ ಮನೆಮಾತಿನಲ್ಲಿ ಹೇಳಬೇಕೆನ್ನಿಸುವುದು ಸಹಜ.

ಇನ್ನೂ ಸೋಜಿಗದ ಸಂಗತಿಯೊಂದಿದೆ. ಫ್ರಾನ್ಸಿನಲ್ಲಿ ಕುಳಿತು ಅವರು ಬರೆದ ಮೊದಲ ಕಾದಂಬರಿ ‘ಕಾಂತಾಪುರ’. ಅದು ಪ್ರಕಟವಾದದ್ದು 1938ರಲ್ಲಿ. ಅದರಲ್ಲಿ ಇರುವುದು ಫ್ರಾನ್ಸ್ ಅಲ್ಲ. ನಮ್ಮ ಮಲೆನಾಡಿನ ಅಂಚಿನ ಒಂದು ಹಳ್ಳಿ, ಹಿಮವತಿ ಎಂಬ ನದಿ, ಕೆಂಚಮ್ಮ ಎಂಬ ಗ್ರಾಮದೇವತೆ. ಹೇಮಾವತಿಯ ದಂಡೆಯವರಿಗೂ, ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯ ಜಾತ್ರೆಗೆ ಹೋಗಿ ಬಂದವರಿಗೂ ಇದು ಯಾವ ಸೀಮೆಯೆಂದು ವಿವರಿಸಬೇಕಾಗಿಲ್ಲ. ಆ ಊರಿನಲ್ಲಿ ಬೀದಿಗೊಂದು ಜಾತಿ. ಹೊಲೆಯರ ಕೇರಿ ಬೇರೆ. ಬ್ರಾಹ್ಮಣರ ಹುಡುಗ ಮೂರ್ತಿ ಆ ಕೇರಿಯ ಮನೆಯೊಂದರಲ್ಲಿ ಕಾಲಿಟ್ಟು, ಕೊಟ್ಟ ಹಾಲನ್ನು ಕುಡಿಯಲು ಪಡುವ ಸಂಕಟ ಆ ಕಾದಂಬರಿಯ ಮುಖ್ಯವಾದ ಒಂದು ಸನ್ನಿವೇಶ. ಸಾವಿರಾರು ಮೈಲಿ ದೂರ ಹೋದಾಗ ಹುಡುಗನಿಗೆ ಸ್ಪಷ್ಟವಾಗಿ ಕಂಡದ್ದು ತನ್ನ ಊರಿನ ಬೀದಿಗಳು.

ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿರುವ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋದರು. ಅವರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಪುಸ್ತಕದ ಹೆಸರಿನಲ್ಲಿಯೇ ಊರು ಇದೆ. ಗೊರೂರು ಎಂದರೆ ಅವರೂ ಹೌದು, ಅವರ ಹಳ್ಳಿಯೂ ಹೌದು.

ಇನ್ನು ನನ್ನ ವಿದ್ಯಾರ್ಥಿನಿಯ ವಿಷಯ. ಅವಳ ಊರು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಮನೆ ಊರಿನ ಆಚೆಯ ಕಾಲೋನಿಯಲ್ಲಿ. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು. ಹೊಗೆಸೊಪ್ಪಿನ ಕಾಲದಲ್ಲಿ ಹೊಗೆಸೊಪ್ಪು, ಆಲೂಗೆಡ್ಡೆಯ ಕಾಲದಲ್ಲಿ ಆಲೂಗೆಡ್ಡೆ, ಶುಂಠಿಯ ಕಾಲದಲ್ಲಿ ಶುಂಠಿ. ನಾನು ಅವಳಿಗೆ ಮೂರು ವರ್ಷ ಕನ್ನಡ ಪಾಠ ಹೇಳಿದೆ. ಹತ್ತನೆಯ ತರಗತಿಯಾದ ಮೇಲೆ ಹಾಸನದ ವಿದ್ಯಾರ್ಥಿನಿಲಯದಲ್ಲಿದ್ದು ಪಿಯುಸಿ ಓದುತ್ತಿದ್ದಳು.

2007ರಲ್ಲಿ ಜಪಾನ್ ಸರ್ಕಾರ ‘ಜೆನೆಸಿಸ್’ ಎಂಬ ಯುವಜನ ವಿನಿಮಯ ಯೋಜನೆಯನ್ನು ಆರಂಭಿಸಿತು. ಏಷ್ಯಾದ ಹಲವು ದೇಶಗಳಿಂದ ವರ್ಷಕ್ಕೆ ಸುಮಾರು 6,000 ಯುವಕ ಯುವತಿಯರನ್ನು ಕರೆಸಿ, ಶಾಲೆಗಳನ್ನು ತೋರಿಸಿ, ಕೆಲವು ದಿನ ಜಪಾನಿ ಕುಟುಂಬಗಳ ಮನೆಯಲ್ಲಿಯೇ ಇರಿಸಿ ಕಳುಹಿಸುವುದು ಅದರ ಉದ್ದೇಶ. ಭಾರತದ ಹೈಸ್ಕೂಲು ಮತ್ತು ಪಿಯುಸಿ ವಯಸ್ಸಿನ ಮಕ್ಕಳಿಗೂ ಅವಕಾಶವಿತ್ತು. ಪ್ರಬಂಧ, ಸಂದರ್ಶನಗಳೆಲ್ಲ ಮುಗಿದು 2009ರಲ್ಲಿ ನಮ್ಮ ಹುಡುಗಿಯ ಹೆಸರು ಪಟ್ಟಿಯಲ್ಲಿ ಬಂತು.

ಪಾಸ್‌ಪೋರ್ಟಿನ ವಿಚಾರಣೆಗೆಂದು ಪೊಲೀಸಿನವರು ಕಾಲೋನಿಗೆ ಬಂದ ದಿನ ಅಲ್ಲಿನವರಿಗೆಲ್ಲ ಗಾಬರಿ. ಪೊಲೀಸರು ಬಂದರೆ ಒಳ್ಳೆಯ ಸುದ್ದಿಗೆ ಬಂದಾರೆಂದು ಅವರು ಕಂಡವರಲ್ಲ. ಅವಳ ಅಜ್ಜಿಯಂತೂ ನನ್ನ ಮನೆಯವರೆಗೂ ನಡೆದುಕೊಂಡು ಬಂದರು. ಜಗಲಿಯ ಕೆಳಗೇ ನಿಂತರು. ಮೇಲೆ ಬನ್ನಿ ಎಂದು ನಾನೂ ನನ್ನ ಹೆಂಡತಿಯೂ ಮೂರು ಸಲ ಕರೆದ ಮೇಲೆ ಒಳಗೆ ಬಂದು ಕುಳಿತರು. “ಮೇಷ್ಟ್ರೇ, ಹೆಣ್ಮಗೀನ ಪರದೇಶಿ ಮಾಡ್ಬುಡ್ತೀರಾ?” ಎಂದು ಕೇಳಿದರು. ಹತ್ತು ದಿನ, ಬರೀ ಹತ್ತು ದಿನ ಎಂದು ನಾನು ಬೆರಳೆಣಿಸಿ ತೋರಿಸಿದೆ. ಅಜ್ಜಿ ನನ್ನ ಬೆರಳುಗಳನ್ನು ನೋಡುತ್ತಾ ಬಹಳ ಹೊತ್ತು ಕುಳಿತಿದ್ದರು. ಹೊರಡುವ ಹಿಂದಿನ ದಿನ ಒಂದು ಸೇರು ರಾಗಿಹಿಟ್ಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಮೊಮ್ಮಗಳ ಕೈಗೆ ಕೊಟ್ಟವರೂ ಅವರೇ. ಅಲ್ಲಿ ಏನು ಸಿಕ್ಕುತ್ತದೋ ಏನೋ, ಮಗು ಹಸಿದುಕೊಂಡಿರಬಾರದೆಂದು.

ಆಗ ಶ್ರವಣಬೆಳಗೊಳದ ಮೂಲಕ ಬೆಂಗಳೂರಿಗೆ ಹೋಗುವ ರೈಲು ಇರಲಿಲ್ಲ. ಆ ಮಾರ್ಗ ಪೂರ್ಣವಾಗಿ ಆರಂಭವಾದದ್ದು 2017ರಲ್ಲಿ. ಹಾಸನದಿಂದ ಬಸ್ಸಿನಲ್ಲಿ ಹೊರಟು, ಚನ್ನರಾಯಪಟ್ಟಣದ ತೆಂಗಿನ ತೋಟಗಳನ್ನು ದಾಟಿ ಬೆಂಗಳೂರು ಸೇರಿ, ಅಲ್ಲಿಂದ ದೆಹಲಿ, ದೆಹಲಿಯಿಂದ ಜಪಾನ್. ನಾನು ಅವಳಿಗೆ ಹೇಳಿದ್ದು ಒಂದೇ: ಪ್ರತಿ ರಾತ್ರಿ ಮಲಗುವ ಮುಂಚೆ ಅಂದಿನ ದಿನ ನಿನಗೆ ಹೊಸದೆನಿಸಿದ್ದನ್ನು ಕನ್ನಡದಲ್ಲಿ ಬರೆ. ಚೆನ್ನಾಗಿ ಬರೆಯಬೇಕೆಂದೇನೂ ಇಲ್ಲ, ಮರೆಯುವ ಮುಂಚೆ ಬರೆದರೆ ಸಾಕು. ಅವಳು ಅದನ್ನು ಚಾಚೂ ತಪ್ಪದೆ ಮಾಡಿದಳು. ನನಗೆ ಹೇಳುತ್ತಿರುವಂತೆಯೇ ಬರೆದಿದ್ದಾಳೆ. ಎರಡು ಮೂರು ಸಾಲಿಗೊಮ್ಮೆ ‘ಸಾರ್’ ಎಂದಿದೆ.

ಮೊದಲ ದಿನದ ಪುಟಗಳಲ್ಲಿ ಎಲ್ಲರೂ ಬರೆಯುವ ವಿಷಯಗಳೇ ಇವೆ. ರೈಲಿನಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ. ರಸ್ತೆಯಲ್ಲಿ ಕಸದ ಡಬ್ಬಿಯೂ ಇಲ್ಲ, ಕಸವೂ ಇಲ್ಲ. ಕಸವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಾರೆ. ಎದುರಾದವರೆಲ್ಲ ತಲೆಬಾಗುತ್ತಾರೆ. “ಸಾರ್, ನನಗೆ ಇಷ್ಟು ವಯಸ್ಸಾದ ದೊಡ್ಡವರು ತಲೆಬಾಗಿದರೆ ಏನು ಮಾಡಬೇಕೋ ತಿಳಿಯದೆ ನಾನು ಇನ್ನೂ ಕೆಳಗೆ ಬಾಗಿದೆ. ಅವರು ಇನ್ನೂ ಬಾಗಿದರು. ಯಾರು ನಿಲ್ಲಿಸಬೇಕು ಎಂದು ಗೊತ್ತಾಗಲಿಲ್ಲ” ಎಂದು ಬರೆದಿದ್ದಾಳೆ.

ಮೂರನೆಯ ದಿನ ಒಂದು ಹೈಸ್ಕೂಲಿಗೆ ಕರೆದುಕೊಂಡು ಹೋದರು. ಬಾಗಿಲಲ್ಲಿಯೇ ಚಪ್ಪಲಿ ಬಿಟ್ಟು ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ಪಾಠಗಳು ಮುಗಿದ ಮೇಲೆ ಮಕ್ಕಳೆಲ್ಲ ಪೊರಕೆ, ಒರೆಸುವ ಬಟ್ಟೆ ಹಿಡಿದು ತಾವೇ ಕೊಠಡಿಗಳನ್ನೂ ಮೆಟ್ಟಿಲುಗಳನ್ನೂ ಶೌಚಾಲಯವನ್ನೂ ಸ್ವಚ್ಛ ಮಾಡಿದರು. ಜಪಾನಿನ ಶಾಲೆಗಳಲ್ಲಿ ಇದು ದಿನನಿತ್ಯದ ಕ್ರಮ. ಪ್ರವಾಸಿಗರೆಲ್ಲರೂ ಇದನ್ನು ಕಂಡು ಹೊಗಳುತ್ತಾರೆ. ನಮ್ಮ ಹುಡುಗಿ ಬರೆದದ್ದು ಬೇರೆ. “ನಮ್ಮ ಊರಿನಲ್ಲಿ ಪ್ರೈಮರಿಯಲ್ಲಿ ಓದುವಾಗಲೂ ಮಕ್ಕಳೇ ಗುಡಿಸುತ್ತಿದ್ದೆವು. ಆದರೆ ಯಾರು ಯಾರನ್ನು ಕರೆಯುತ್ತಿದ್ದರು ಎಂದು ನನಗೆ ಗೊತ್ತು. ಇಲ್ಲಿ ಎಲ್ಲರೂ ಗುಡಿಸುತ್ತಾರೆ ಸಾರ್. ಇಂಥವರೇ ಎಂದಿಲ್ಲ.” ಇಷ್ಟೇ ಬರೆದು ಮುಂದಿನ ಸಾಲಿನಲ್ಲಿ ಮಧ್ಯಾಹ್ನದ ಊಟದ ವಿಷಯಕ್ಕೆ ಹೋಗಿದ್ದಾಳೆ.

ಐದನೆಯ ದಿನದಿಂದ ನಾಗಾನೊ ಪ್ರಾಂತ್ಯದ ಒಂದು ಹಳ್ಳಿಯ ಮನೆಯಲ್ಲಿ ವಾಸ. ಗುಡ್ಡಗಾಡಿನ ಸೀಮೆ, ಸೇಬಿನ ತೋಟಗಳು. ಅಕ್ಟೋಬರ್ ತಿಂಗಳಾದ್ದರಿಂದ ಭತ್ತ ಕೊಯ್ದು ಹೊರೆಗಳನ್ನು ಗದ್ದೆಯಲ್ಲಿಯೇ ಅಡ್ಡಗಳುಗಳ ಮೇಲೆ ತಲೆಕೆಳಗಾಗಿ ನೇತುಹಾಕಿದ್ದರಂತೆ. ನಮ್ಮಲ್ಲಿ ಮೆದೆ ಒಟ್ಟುತ್ತೇವೆ, ಇವರು ಒಣಹಾಕುತ್ತಾರೆ ಎಂದು ಚಿತ್ರ ಸಹಿತ ಬರೆದಿದ್ದಾಳೆ. ಆ ಮನೆಯಲ್ಲಿ ಅಜ್ಜ, ಅಜ್ಜಿ, ಮಗ, ಸೊಸೆ, ಎಂಟು ವರ್ಷದ ಮೊಮ್ಮಗ.

ಆ ಮೊಮ್ಮಗನ ಕೋಣೆಯ ಗೋಡೆಯಲ್ಲಿ ಅಕ್ಷರಗಳ ಪಟ್ಟಿ ಇತ್ತು. ಹುಡುಗ ಬೆರಳಿಟ್ಟು ಓದಿದ: ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. “ಸಾರ್, ಇದು ನಮ್ಮ ವರ್ಣಮಾಲೆಯೇ ಅಲ್ಲವೇ?” ಎಂದು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದು ಎರಡು ಗೆರೆ ಎಳೆದಿದ್ದಾಳೆ. ಅವಳು ಕಂಡದ್ದು ನಿಜ. ಬೌದ್ಧ ಗ್ರಂಥಗಳ ಜೊತೆಗೆ ಸಿದ್ಧಂ ಎಂಬ ಭಾರತೀಯ ಲಿಪಿ ಜಪಾನಿಗೆ ಹೋಯಿತು. ಅದನ್ನು ಓದಿದ ಭಿಕ್ಷುಗಳು ಸಂಸ್ಕೃತದ ವರ್ಣಕ್ರಮವನ್ನು ತಮ್ಮ ಅಕ್ಷರಗಳಿಗೂ ಅಳವಡಿಸಿದರು. ‘ಪ’ ಇರಬೇಕಾದ ಜಾಗದಲ್ಲಿ ‘ಹ’ ಏಕಿದೆ ಎಂದು ಕನ್ನಡ ಬಲ್ಲವರಿಗೆ ಸಂದೇಹ ಬಂದೀತು. ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾದಂತೆ, ಪೂ ಎಂಬುದು ಹೂವಾದಂತೆ, ಜಪಾನಿ ಭಾಷೆಯಲ್ಲಿಯೂ ಹಿಂದಿನ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದೂ ಅವರಲ್ಲಿ ನಮ್ಮಂತೆಯೇ. ಹಾಗೆಂದು ಎರಡು ಭಾಷೆಗಳೂ ಒಂದೇ ಕುಲದವೆಂದು ಅವಸರದಲ್ಲಿ ಹೇಳಬಾರದು. ಆದರೂ ಅರಕಲಗೂಡಿನ ಹುಡುಗಿಯೊಬ್ಬಳು ನಾಗಾನೊದ ಗೋಡೆಯಲ್ಲಿ ಕನ್ನಡ ಮೇಷ್ಟ್ರನ್ನು ಕಂಡಳೆಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಎರಡನೆಯ ದಿನ ಅವಳು ಅಜ್ಜಿ ಕೊಟ್ಟ ರಾಗಿಹಿಟ್ಟನ್ನು ಹೊರತೆಗೆದಳು. ಮುದ್ದೆಯ ಕೋಲಿಲ್ಲ, ಅನ್ನ ತೆಗೆಯುವ ಮರದ ಕೈಯಲ್ಲಿಯೇ ತೊಳಸಿದಳು. ಮನೆಯವರೆಲ್ಲ ಸುತ್ತ ನಿಂತು ನೋಡಿದರು. ಹಿಟ್ಟಿನ ಬಣ್ಣವನ್ನೂ ಒಂದೆರಡು ಕಾಳುಗಳನ್ನೂ ನೋಡಿದ ಅಲ್ಲಿನ ಅಜ್ಜ ಏನೋ ಹೇಳಿ ಒಳಗಿನಿಂದ ಹಳೆಯ ಪುಸ್ತಕ ತಂದು ಚಿತ್ರ ತೋರಿಸಿದರು. ಅದೇ ತೆನೆ, ಕೈಬೆರಳು ಮಡಚಿದಂಥ ರಾಗಿಯ ತೆನೆ! ಜಪಾನಿನ ಗುಡ್ಡಗಾಡಿನ ಹಳ್ಳಿಗಳಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದರು. ಅವರ ಭಾಷೆಯಲ್ಲಿ ಅದಕ್ಕೆ ಶಿಕೊಕುಬಿಯೆ ಎಂದು ಹೆಸರು. ಅಜ್ಜ ಚಿಕ್ಕವರಿದ್ದಾಗ ತಿಂದಿದ್ದರಂತೆ. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಇವಳು ಅಭಿನಯಿಸಿ ತೋರಿಸಿದ್ದು, ಅವರು ಅಗಿದು ಹಲ್ಲಿಗೆ ಅಂಟಿಸಿಕೊಂಡದ್ದು, ಎಲ್ಲರೂ ನಕ್ಕದ್ದು, ಇವೆಲ್ಲ ಎರಡು ಪುಟ ತುಂಬಿವೆ. ವಿನಿಮಯ ಎಂಬ ಮಾತಿಗೆ ಕೊಡುವುದು ಮತ್ತು ಪಡೆಯುವುದು ಎಂದು ಅರ್ಥ. ಅಜ್ಜಿ ಕಟ್ಟಿಕೊಟ್ಟ ಒಂದು ಸೇರು ಹಿಟ್ಟಿನಿಂದಾಗಿ ನಮ್ಮ ಹುಡುಗಿಯ ಬಳಿ ಕೊಡಲು ಏನೋ ಇತ್ತು.

ಈಗ ಆ ನೋಟ್‌ಬುಕ್ಕಿನ ಮುಖ್ಯವಾದ ಪುಟಕ್ಕೆ ಬರುತ್ತೇನೆ. ಜಪಾನಿನ ಮನೆಗಳ ಸ್ನಾನದ ಕ್ರಮ ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿ ಮೊದಲು ತೊಟ್ಟಿಯ ಹೊರಗೆ ಕುಳಿತು ಸೋಪು ಹಚ್ಚಿ ಮೈಯನ್ನು ಪೂರ್ತಿಯಾಗಿ ತೊಳೆದುಕೊಳ್ಳುತ್ತಾರೆ. ಆಮೇಲೆ ಬಿಸಿನೀರು ತುಂಬಿದ ಆಳವಾದ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಇಳಿದು ಕೂರುತ್ತಾರೆ. ಎದ್ದ ಮೇಲೆ ಆ ನೀರನ್ನು ಚೆಲ್ಲುವುದಿಲ್ಲ, ಮುಚ್ಚಳ ಮುಚ್ಚುತ್ತಾರೆ. ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಅದೇ ನೀರಿನಲ್ಲಿ ಇಳಿಯುತ್ತಾರೆ. ಮನೆಗೆ ಅತಿಥಿ ಬಂದಿದ್ದರೆ ಮೊದಲ ಸರದಿ ಅತಿಥಿಗೆ.

ಅವಳ ಮಾತುಗಳಲ್ಲಿಯೇ ಕೊಡುತ್ತೇನೆ:

“ರಾತ್ರಿ ಅಮ್ಮ ನನಗೆ ಸ್ನಾನದ ಮನೆ ತೋರಿಸಿ, ಮೊದಲು ನೀನು ಎಂದು ಸನ್ನೆ ಮಾಡಿದರು. ನಾನು ಮೈ ತೊಳೆದುಕೊಂಡು ನೀರಿನಲ್ಲಿ ಕುಳಿತೆ. ಬಹಳ ಬಿಸಿ. ಎದ್ದ ಮೇಲೆ ನೀರು ಬಿಡುವ ಬಿರಟೆ ಹುಡುಕಿದೆ. ಅಮ್ಮ ಬಂದು ಬೇಡ ಬೇಡ ಎಂದು ಮುಚ್ಚಳ ಮುಚ್ಚಿದರು. ನಾನು ಹೊರಗೆ ಬಂದೆ. ಆಮೇಲೆ ಅಜ್ಜ ಟವೆಲ್ ತೆಗೆದುಕೊಂಡು ಒಳಗೆ ಹೋದರು. ಆಮೇಲೆ ಅಜ್ಜಿ ಹೋದರು. ಆಮೇಲೆ ಅಪ್ಪ ಮಗುವನ್ನು ಕರೆದುಕೊಂಡು ಹೋದರು. ಕೊನೆಗೆ ಅಮ್ಮ. ಸಾರ್, ನಾನು ಕುಳಿತಿದ್ದ ನೀರು. ನಾನು ಕೋಣೆಯಲ್ಲಿ ಕುಳಿತು ಒಬ್ಬೊಬ್ಬರೇ ಹೋಗಿ ಬರುವ ಸದ್ದು ಕೇಳುತ್ತಿದ್ದೆ. ನಿದ್ದೆ ಬರಲಿಲ್ಲ. ನಮ್ಮ ಅಜ್ಜಿ ಚಿಕ್ಕವರಿದ್ದಾಗ ಊರ ಬಾವಿಯ ಹತ್ತಿರ ಯಾರಾದರೂ ನೀರು ಹುಯ್ಯುವವರೆಗೂ ಕೊಡ ಇಟ್ಟುಕೊಂಡು ಕಾಯುತ್ತಿದ್ದರಂತೆ. ಅಜ್ಜಿಗೆ ಇದನ್ನು ಹೇಗೆ ಹೇಳಲಿ ಎಂದು ಯೋಚಿಸಿದೆ. ಹೇಳಿದರೆ ನಂಬುವುದಿಲ್ಲ.”

ಈ ಪುಟವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಬೇರೆಯವರಿಗೆ ಇದು ವಿಚಿತ್ರವಾದ ಸ್ನಾನದ ಪದ್ಧತಿಯಾಗಿ ಕಾಣುತ್ತಿತ್ತು. ಮಡಿಯ ಮನೆಯಿಂದ ಹೋದವರಿಗೆ ಮೈಲಿಗೆಯಾಗಿಯೂ ಕಂಡೀತು. ಅವಳಿಗೆ ಮಾತ್ರ ಅದು ಹದಿನೇಳು ವರ್ಷದ ಲೆಕ್ಕವನ್ನು ಒಂದೇ ರಾತ್ರಿಯಲ್ಲಿ ತಲೆಕೆಳಗು ಮಾಡಿದ ಸಂಗತಿ. ಪರದೇಶದ ಮೊದಲ ನೋಟವೆಂದು ನಾವು ಯಾವುದನ್ನು ಹೇಳುತ್ತೇವೆಯೋ ಅದರಲ್ಲಿ ಪರದೇಶ ಸ್ವಲ್ಪ, ಸ್ವದೇಶ ಬಹಳ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಜಪಾನ್ ಭೇದವರಿಯದ ನಾಡು ಎಂದು ಯಾರೂ ತಿಳಿಯಬಾರದು. ಚರ್ಮದ ಕೆಲಸ, ಪ್ರಾಣಿಗಳನ್ನು ಕಡಿಯುವ ಕೆಲಸ, ಹೆಣದ ಕೆಲಸ ಮಾಡುತ್ತಿದ್ದವರನ್ನು ಅಲ್ಲಿಯೂ ಶತಮಾನಗಳ ಕಾಲ ಊರಿನಿಂದ ಹೊರಗಿಟ್ಟಿದ್ದರು. ಅವರನ್ನು ಬುರಾಕುಮಿನ್ ಎನ್ನುತ್ತಾರೆ. 1871ರಲ್ಲಿ ಸರ್ಕಾರ ಕಾನೂನಿನ ಮೂಲಕ ಆ ಭೇದವನ್ನು ತೆಗೆದುಹಾಕಿತು. ಆದರೂ ಮದುವೆಯಲ್ಲಿ, ನೌಕರಿಯಲ್ಲಿ ಅದು ಉಳಿಯಿತು. 1922ರಲ್ಲಿ ಅವರೇ ಸುಯ್‌ಹೇಶಾ ಎಂಬ ಸಂಘವನ್ನು ಕಟ್ಟಿ ಹೋರಾಡಿದರು. ಆ ಭೇದವನ್ನು ಹೋಗಲಾಡಿಸಲೆಂದು 2016ರಲ್ಲಿ ಇನ್ನೊಂದು ಕಾನೂನು ತರಬೇಕಾಯಿತೆಂದರೆ ಅದು ಪೂರ್ತಿ ಹೋಗಿಲ್ಲವೆಂದೇ ಅರ್ಥ. ಇದನ್ನು ನಾನು ಅವಳಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಮನೆಯವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ ಸಾರ್. ಗೊತ್ತಿಲ್ಲದೆ ಕೇಳಲಿಲ್ಲ. ಗೊತ್ತಿದ್ದೂ ಕೇಳದೆ ಇರೋದು ಇಲ್ಲಿ ಆಗಬೇಕು” ಎಂದಳು.

ಹಿಂದಿರುಗಿದ ಮೇಲೆ ನಡೆದುದನ್ನು ಹೇಳದಿದ್ದರೆ ಈ ಕಥೆ ಅರ್ಧವಾಗುತ್ತದೆ. ಊರಿನಲ್ಲಿ ಅವಳಿಗೆ ಶಾಲು ಹೊದಿಸಿ ಹಾರ ಹಾಕಿ ಸನ್ಮಾನ ಮಾಡಿದರು. ಕೆಲವು ದಿನಗಳಾದ ಮೇಲೆ, ಅವಳ ಅಪ್ಪ ಅಮ್ಮ ಕೂಲಿಗೆ ಹೋಗುತ್ತಿದ್ದ ಮನೆಯ ಯಜಮಾನರು ಜಪಾನಿನ ವಿಷಯ ಕೇಳಬೇಕೆಂದು ಅವಳನ್ನೂ ಅಪ್ಪನನ್ನೂ ಕರೆಸಿದರು. ಪ್ರೀತಿಯಿಂದಲೇ ಕರೆಸಿದರು, ಅದರಲ್ಲಿ ಸಂಶಯವಿಲ್ಲ. ಜಗಲಿಯಲ್ಲಿ ಊರಿನ ನಾಲ್ಕು ಮಂದಿ ಸೇರಿದ್ದರು. ಕಾಫಿ ಬಂತು. ಎಲ್ಲರಿಗೂ ಸ್ಟೀಲ್ ಲೋಟ, ಇವರಿಬ್ಬರಿಗೆ ಬಿಸಾಡುವ ಕಾಗದದ ಲೋಟ. ಅಪ್ಪ ಎಂದಿನಂತೆ ಕುಡಿದರು. ಅವಳು ಲೋಟವನ್ನು ಕೆಳಗಿಟ್ಟಳು. “ಯಜಮಾನ್ರೇ, ಜಪಾನಿನಲ್ಲಿ ನಾನು ಮಿಂದ ನೀರಿನಲ್ಲಿ ಆ ಮನೆಯ ಅಜ್ಜಯ್ಯ ಮಿಂದರು” ಎಂದಳು. ಅಷ್ಟೇ ಮಾತು. ಸಿಟ್ಟಿನಿಂದ ಹೇಳಿದ್ದಲ್ಲ, ಕೇಳಿದ್ದಕ್ಕೆ ಉತ್ತರ ಹೇಳಿದಂತೆ ಹೇಳಿದಳೆಂದು ಅವಳ ಅಪ್ಪನೇ ನನಗೆ ತಿಳಿಸಿದರು. ಯಾರೂ ಏನೂ ಅನ್ನಲಿಲ್ಲ. ಕೈಮುಗಿದು ಇಬ್ಬರೂ ಎದ್ದು ಬಂದರು.

ಆ ವರ್ಷ ಶುಂಠಿ ಕೀಳುವ ಕೆಲಸಕ್ಕೆ ಆ ಮನೆಯಿಂದ ಇವರಿಗೆ ಕರೆ ಬರಲಿಲ್ಲ. ಅವಳ ತಾಯಿ ಮಗಳ ಮೇಲೆ ಸಿಡುಕಿದರು. “ಜಪಾನ್‌ಗೆ ಹೋಗಿ ಬಂದೋಳು ನೀನು. ಇಲ್ಲಿ ದಿನಾ ಬೆಳಗಾಗೆದ್ರೆ ಕೂಲಿಗೆ ಹೋಗ್ಬೇಕಾದೋಳು ನಾನು.” ಆ ತಾಯಿಯ ಮಾತಿನಲ್ಲಿ ನ್ಯಾಯವಿತ್ತು. ಹತ್ತು ದಿನದ ಪ್ರವಾಸದ ಬೆಲೆಯನ್ನು ಒಂದು ಸುಗ್ಗಿಯ ಕೂಲಿಯಾಗಿ ತೆತ್ತವರು ಅವರು. ಮಗಳು ನನ್ನ ಬಳಿ ಬಂದು, “ನಾನು ಹೇಳಿದ್ದು ತಪ್ಪಾ ಸಾರ್?” ಎಂದು ಕೇಳಿದಳು. ತಪ್ಪಲ್ಲ ಎಂದೆ. ನಿನ್ನ ತಾಯಿಯ ಸಿಟ್ಟೂ ತಪ್ಪಲ್ಲ ಎಂದೂ ಹೇಳಿದೆ. ಆಮೇಲೆ ಅವಳಿಗೆ ಇನ್ನೊಬ್ಬ ವಿದ್ಯಾರ್ಥಿಯ ಕಥೆ ಹೇಳಿದೆ.

1913ರಲ್ಲಿ ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದಿಂದ ಭೀಮರಾವ್ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ. ಪರದೇಶದ ಆ ವರ್ಷಗಳಲ್ಲಿ ತಾನು ಅಸ್ಪೃಶ್ಯನೆಂಬ ಅರಿವೇ ತನ್ನ ಮನಸ್ಸಿನಿಂದ ಅಳಿಸಿಹೋಗಿತ್ತೆಂಬ ಅರ್ಥದಲ್ಲಿ ಅವರು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಪುಟ್ಟ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. ಹಿಂದಿರುಗಿ ಬರೋಡೆಯಲ್ಲಿ ನೌಕರಿಗೆ ಸೇರಲು ಬಂದಾಗ ಆ ಪಟ್ಟಣದಲ್ಲಿ ಅವರಿಗೆ ತಂಗಲು ಒಂದು ಕೋಣೆ ಸಿಕ್ಕಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರ ಗುಂಪು ಬಂದು ಅವರನ್ನು ಹೊರಹಾಕಿತು. ವಿದೇಶದ ಪದವಿಗಳನ್ನು ಹೊತ್ತು ಬಂದ ಮನುಷ್ಯ ಸಾರ್ವಜನಿಕ ಉದ್ಯಾನದಲ್ಲಿ ಗಂಟೆಗಟ್ಟಲೆ ಕುಳಿತು, ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಹೊರಟರು. ಅವರ ಮುಂದಿನ ಬದುಕು ಈ ದೇಶಕ್ಕೆ ಏನಾಯಿತೆಂಬುದನ್ನು ನಾನು ಹೇಳಬೇಕಾಗಿಲ್ಲ. ಹೋಗಿ ನೋಡಿದ್ದಕ್ಕಿಂತ ಬಂದು ಸಹಿಸಿದ್ದು ದೊಡ್ಡದು, ಸಹಿಸದೆ ಮಾಡಿದ್ದು ಅದಕ್ಕಿಂತ ದೊಡ್ಡದು.

ಆ ಪುಸ್ತಕವನ್ನು ಅವಳು ಓದಿದಳು. ಮುಂದೆ ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಇಂದು ನಮ್ಮ ಜಿಲ್ಲೆಯಲ್ಲಿಯೇ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದಾಳೆ. ಆ ಯಜಮಾನರು ಅವಳ ಮಾತಿಗೆ ಕೊನೆಯವರೆಗೂ ಉತ್ತರ ಹೇಳಲಿಲ್ಲ. ಎರಡು ವರ್ಷವಾದ ಮೇಲೆ ಕೂಲಿಗೆ ಮತ್ತೆ ಕರೆ ಬಂತು. ಮನಸ್ಸು ಬದಲಾಗಿತ್ತೋ, ಆಳು ಸಿಕ್ಕದ ಕಾಲ ಬಂದಿತ್ತೋ, ಎರಡನ್ನೂ ಊರಿನವರು ಹೇಳುತ್ತಾರೆ. ಅಜ್ಜಿಗೆ ಸ್ನಾನದ ನೀರಿನ ಕಥೆಯನ್ನು ಅವಳು ಹೇಳಿದಾಗ, ಅವಳೆಣಿಸಿದಂತೆಯೇ ಅಜ್ಜಿ ಮೊದಲು ನಂಬಲಿಲ್ಲ. ಆಮೇಲೆ, “ಆ ಅಜ್ಜಯ್ಯನ್ ಹೊಟ್ಟೆ ತಣ್ಣಗಿರ್ಲಿ” ಎಂದರಂತೆ.

ಹೋದ ವರ್ಷ ಅವಳ ಶಾಲೆಗೆ ಹೋಗಿದ್ದೆ. ತರಗತಿಯ ಬಾಗಿಲ ಹಿಂದೆ ಗುಡಿಸುವವರ ಸರದಿಯ ಪಟ್ಟಿ ಅಂಟಿಸಿತ್ತು. ಹಾಜರಿ ಪುಸ್ತಕದಲ್ಲಿ ಹುಡುಗರು ಬೇರೆ, ಹುಡುಗಿಯರು ಬೇರೆ. ಇಲ್ಲಿ ಹಾಗಿಲ್ಲ. ಎಲ್ಲರ ಹೆಸರೂ ಒಂದೇ ಸಾಲಿನಲ್ಲಿ ಅಕಾರಾದಿಯಾಗಿ ಇದ್ದವು: ಅ, ಆ, ಇ, ಈ. ಯಾರನ್ನೂ ಆರಿಸಿ ಕರೆಯುವಂತಿಲ್ಲ, ಯಾರನ್ನೂ ಬಿಡುವಂತಿಲ್ಲ. ಪಟ್ಟಿಯಲ್ಲಿ ತನ್ನ ಹೆಸರನ್ನೂ ಅದರ ಅಕ್ಷರದ ಜಾಗದಲ್ಲಿಯೇ ಸೇರಿಸಿದ್ದಳು. ಒಂದಿಬ್ಬರು ಪೋಷಕರು ಬಂದು ನಮ್ಮ ಮಗ ಪೊರಕೆ ಹಿಡಿಯಬೇಕೇ ಎಂದು ಕೇಳಿದರಂತೆ. “ಮಂಗಳವಾರ ನನ್ನ ಸರದಿ. ಬಂದು ನೋಡಿ” ಎಂದಳಂತೆ.

ಪರದೇಶದಲ್ಲಿರುವ ನನ್ನ ಶಿಷ್ಯರೇ, ಬಂಧುಗಳೇ, ನೀವು ಹೋದ ಮೊದಲ ಹತ್ತು ದಿನಗಳಲ್ಲಿ ನಿಮಗೆ ಹೊಸದೆನಿಸಿದ್ದು ಏನೆಂದು ನೆನಪಿಸಿಕೊಳ್ಳಿ. ಹನ್ನೊಂದನೆಯ ದಿನದಿಂದ ಎಲ್ಲವೂ ರೂಢಿಯಾಗುತ್ತದೆ, ಆಮೇಲೆ ಕಣ್ಣಿಗೆ ಬೀಳುವುದಿಲ್ಲ. ಯಾವುದು ನಿಮ್ಮನ್ನು ತಡೆದು ನಿಲ್ಲಿಸಿತೋ ಅದನ್ನು ನಿಮ್ಮ ಊರಿನ ಯಾವ ಬೀದಿ, ಯಾವ ಜಗಲಿ, ಯಾವ ಬಾವಿ ನೆನಪಿಗೆ ತಂದಿತೋ ಅದರೊಡನೆ ಸೇರಿಸಿ ಬರೆದು ನನಗೆ ಕಳುಹಿಸಿ. ಕನ್ನಡದಲ್ಲಿಯೇ ಬರೆಯಿರಿ. ಕಾಗುಣಿತ ತಪ್ಪಿದರೆ ತಿದ್ದಲು ನಾನಿನ್ನೂ ಇದ್ದೇನೆ. ಮತ್ತು ರಜೆಯಲ್ಲಿ ಊರಿಗೆ ಬಂದಾಗ ಅರಕಲಗೂಡಿನ ದಾರಿಯಲ್ಲಿ ಒಮ್ಮೆ ಇಳಿದು, ಈ ಶಿಕ್ಷಕಿಯ ಶಾಲೆಗೆ ಹೋಗಿ ಮಕ್ಕಳೊಂದಿಗೆ ಮಾತನಾಡಿ. ಅವರಲ್ಲಿ ಪರದೇಶ ಕಂಡವರು ಇನ್ನೂ ಯಾರೂ ಇಲ್ಲ. ಪ್ರಶ್ನೆಗಳು ಮಾತ್ರ ಬಹಳ ಇವೆ.